ಕುರುಡ ಗಾಡಿಗೆ ಕಿಟಕಿ ಕೊರೆದ ವರ್ಷ

ಅಣ್ಣ ಹುಬ್ಬಳ್ಳಿಯಿಂದ ಆ ಗಾಡಿ ತಂದ ದಿನ ನಾನು ಅದರ ಸುತ್ತ ಒಂದು ಸಲ ನಡೆದು ನೋಡಿ, ಇವನು ಇದರಲ್ಲಿ ಏನನ್ನೋ ಮುಚ್ಚಿ ತಂದಿದ್ದಾನೆ ಎಂದುಕೊಂಡೆ. ಗಾಡಿಯ ರೂಪವೇ ಹಾಗಿತ್ತು. ಮುಂದೆ ಓಡಿಸುವವನಿಗೆ ಒಂದು ಗಾಜು, ಹಿಂದೆ ಎರಡು ಬಾಗಿಲು. ಎರಡೂ ಮಗ್ಗುಲಿಗೆ ಮೇಲಿನಿಂದ ಕೆಳಗಿನವರೆಗೆ ಬರೀ ತಗಡು. ದೊಡ್ಡ ಯುದ್ಧಕ್ಕಿಂತ ಮೊದಲು ಯಾರೋ ಔಷಧದ ವ್ಯಾಪಾರಿ ತನ್ನ ಪೆಟ್ಟಿಗೆಗಳನ್ನು ಸಾಗಿಸಲು ಇಟ್ಟುಕೊಂಡಿದ್ದ ಮೋಟಾರು ಅದು. ಹೊಸದಾಗಿ ಬಳಿದ ಬಣ್ಣದ ಕೆಳಗಿನಿಂದ ಹಳೆಯ ಅಕ್ಷರಗಳು ಇನ್ನೂ ಉಬ್ಬಿ ಕಾಣುತ್ತಿದ್ದವು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬಂದ ದಿನವೇ ಅದಕ್ಕೆ ‘ಕುರುಡ ಗಾಡಿ’ ಎಂದು ಹೆಸರು ಬಿತ್ತು.

ನಾನು ಸಾಲೆಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ. ಇದನ್ನು ಬರೆಯುವಾಗ ಅಕ್ಷರ ತಪ್ಪಿದರೆ ಅಣ್ಣನ ಮೊಮ್ಮಗಳು ತಿದ್ದುತ್ತಾಳೆ. ಅಕ್ಷರ ತಿದ್ದು, ನಡೆದದ್ದನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ. ಆಗ ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೆಳಗಿತ್ತು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಅಣ್ಣ ಅತ್ತಿಗೆಯರ ಜೊತೆಗಿದ್ದೆ. ಅಪ್ಪ ಸಾಯುವ ಮುಂಚೆ ಪಡಸಾಲೆಯ ಕಿಟಕಿಯ ಕೆಳಗಿನ ಕುಣಿಮಗ್ಗವನ್ನು ತೋರಿಸಿ, ಇದು ನಿನ್ನದು ಎಂದಿದ್ದ. ಆ ಮಗ್ಗ ಬಿಟ್ಟರೆ ನನ್ನದು ಎನ್ನುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ. ಕುಣಿಯಲ್ಲಿ ಕಾಲಿಳಿಸಿ ಕೂತಾಗ ಮಾತ್ರ ನಾನು ಯಾರ ಹಂಗಿನಲ್ಲೂ ಇಲ್ಲ ಅನ್ನಿಸುತ್ತಿತ್ತು.

ಮಗ್ಗದ ಜೊತೆಗೆ ಅಪ್ಪ ಬಣ್ಣದ ಹಂಡೆಯನ್ನೂ ನನಗೇ ಬಿಟ್ಟುಹೋಗಿದ್ದ. ನೂಲಿಗೆ ಬಣ್ಣ ಕಟ್ಟುವ ಕೆಲಸ ನನ್ನದು. ಅಣ್ಣ ನೇಯುವುದರಲ್ಲಿ ಚುರುಕು, ಆದರೆ ನೀಲಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ ಎಂಬುದು ಅವನ ಕಣ್ಣಿಗೆ ಸಣ್ಣಂದಿನಿಂದಲೂ ಸಿಗುತ್ತಿರಲಿಲ್ಲ. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ಹಂಡೆಯಿಂದ ತೆಗೆದ ಪ್ರತಿಯೊಂದು ನೂಲಿನ ಲಡಿಯನ್ನೂ ನನ್ನ ಮುಂದೆ ಹಿಡಿದು, “ತಂಗಿ, ಬಣ್ಣ ನೋಡು” ಎನ್ನುತ್ತಿದ್ದ. ನಾನು ಹೂಂ ಎಂದ ಮೇಲೇ ಅದು ಒಣಹಾಕುವ ಗಳಕ್ಕೆ ಹೋಗುತ್ತಿತ್ತು.

ಓಣಿಯ ನೇಕಾರರು ತಾವು ನೇಯ್ದ ಸೀರೆಗಳನ್ನು ಬಾಯಿಮಾತಿನ ಮೇಲೆ ಅಣ್ಣನ ಕೈಗೆ ಕೊಡುತ್ತಿದ್ದರು. ಅವನು ನರೇಗಲ್ಲು, ರೋಣ, ನರಗುಂದದ ಸಂತೆಗಳಿಗೆ ಒಯ್ದು ಮಾರಿ ಬರುತ್ತಿದ್ದ. ಬರೆದುಕೊಡುವುದು, ಸಹಿ ಮಾಡುವುದು ಎಂಬುದಿರಲಿಲ್ಲ. ಅವನ ಮಾತೊಂದೇ ಆಧಾರ. ಮೊದಲು ಎತ್ತಿನ ಬಂಡಿಯಲ್ಲಿ ಗಂಟು ಹೇರಿಕೊಂಡು ಹೋಗುತ್ತಿದ್ದವನು, ಮಳೆಗೂ ಧೂಳಿಗೂ ಮಾಲು ಕೆಡುತ್ತದೆಂದು ಈ ಗಾಡಿ ತಂದಿದ್ದ. ಗಾಡಿಯೇ ಅಂಗಡಿ ಆಗಬೇಕು, ಹೆಣ್ಣುಮಕ್ಕಳು ಒಳಗೆ ಹತ್ತಿ ಕೂತು ಸೀರೆ ನೋಡಬೇಕು ಎಂಬುದು ಅವನ ಆಸೆ.

ಮೊದಲ ಸಲ ನರೇಗಲ್ಲಿನ ಸಂತೆಗೆ ನಾನೂ ಹೋಗಿದ್ದೆ. ಹಿಂದಿನ ಬಾಗಿಲು ತೆರೆದಿಟ್ಟು ಅಣ್ಣ ಕರೆಯುತ್ತಿದ್ದ. ಹೆಂಗಸರು ಬಂದು ಬಗ್ಗಿ ನೋಡಿ ನಿಂತಲ್ಲೇ ನಿಲ್ಲುತ್ತಿದ್ದರು.

“ಏ ತಮ್ಮಾ, ಒಳಗ ಕಗ್ಗತ್ತಲಿ. ಸೀರಿ ಐತೊ ಕೌದಿ ಐತೊ ಹ್ಯಾಂಗ ತಿಳೀಬೇಕು?”

“ಹೊರಗ ತಂದು ತೋರಸ್ತೀನಿ ಬರ್ರಿ ಯವ್ವಾ.”

“ಹೊರಗ ತಂದ್ರ ಧೂಳ, ಒಳಗ ಇಟ್ರ ಕತ್ತಲಿ. ಕತ್ತಲ್ದಾಗ ಯಾಕ ಮಾರ್ತಾರ ಅಂತ ನಮಗ ಗೊತ್ತಾಗೂದಿಲ್ಲೇನು? ಬಣ್ಣ ಹೋಗಿದ್ದ ಮಾಲ ಇರಬೇಕು.”

ಸುತ್ತಲಿದ್ದವರು ನಕ್ಕರು. ಅಣ್ಣನೂ ನಕ್ಕ. ತಿರುಗಿ ಬರುವಾಗ, ಗಜೇಂದ್ರಗಡದ ಗುಡ್ಡ ಕಾಣಿಸಿಕೊಂಡಾಗ, “ಇದಕ್ಕ ಕಿಟಕಿ ಬೇಕು” ಎಂದ. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ಅದಾದ ಕೆಲವು ದಿನಕ್ಕೆ ನಾನು ಬಾವಿಯಿಂದ ನೀರು ತಂದು ಒಳಗೆ ಕಾಲಿಟ್ಟರೆ, ಅಣ್ಣ ನನ್ನ ಮಗ್ಗದ ಕುಣಿಯಲ್ಲಿ ಇಳಿದು ಕೂತಿದ್ದ. ಕೈಯಲ್ಲಿ ಒಂದು ಕೋಲು. ಕೂಡುವ ಹಲಗೆಯಿಂದ ಕಿಟಕಿಯವರೆಗೆ, ಕಿಟಕಿಯಿಂದ ಹಾಸಿನ ನೂಲಿನವರೆಗೆ ಕೋಲು ಹಿಡಿದು ಸುಣ್ಣದಿಂದ ಗೆರೆ ಹಾಕಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎದ್ದ.

“ಏನ್ ಅಳ್ಯಾಕತ್ತಿ?”

“ಏನಿಲ್ಲ. ಸುಮ್ನ.”

ಆ ‘ಸುಮ್ನ’ ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಸುಮ್ಮನೆ ಯಾರಾದರೂ ಇನ್ನೊಬ್ಬರ ಮಗ್ಗವನ್ನು ಅಳೆಯುತ್ತಾರೆಯೇ?

ಮುಂದಿನ ವಾರ ರೋಣದಿಂದ ಒಬ್ಬ ಬಡಿಗ ಬಂದ. ಬಂಡಿ ಕಟ್ಟುವವನು, ಮರದ ಕೆಲಸ ತಗಡಿನ ಕೆಲಸ ಎರಡನ್ನೂ ಬಲ್ಲವನು. ಚಹಾ ಕುಡಿಯುತ್ತ ನನ್ನ ಮಗ್ಗದ ಕಡೆ ನೋಡಿ, ಎದ್ದು ಬಂದು ಅದರ ಕಂಬವನ್ನು ಹೆಬ್ಬೆರಳಿನಿಂದ ಒತ್ತಿದ. “ಹಳೇ ಸಾಗವಾನಿ. ಈಗ ಇಂಥಾದ್ದು ಎಲ್ಲಿ ಸಿಗತೈತ್ರಿ” ಎಂದ. ಅಣ್ಣ ಅವನನ್ನು ಗಾಡಿಯ ಕಡೆ ಕರೆದುಕೊಂಡು ಹೋದ. ನಾನು ಬಾಗಿಲ ಮರೆಯಲ್ಲಿ ನಿಂತೆ. ಗಾಡಿಯ ಒಳಗಿನಿಂದ ಮಾತು ಡಬ್ಬಿಯಲ್ಲಿ ಆಡಿದಂತೆ ಕೇಳಿಸುತ್ತಿತ್ತು.

“ಒಬ್ಬರು ಕುಂತ್ರ ತಲಿ ಎಲ್ಲಿಗೆ ಬರತೈತಿ?” ಬಡಿಗನ ಧ್ವನಿ.

“ಇಲ್ಲಿಗೆ. ಎರಡೂ ಮಗ್ಗುಲಿಗೆ ಒಂದೊಂದು. ಆಕಿಗೆ ಇನ್ನೂ ಹೇಳಬ್ಯಾಡ.”

ಅಷ್ಟು ಸಾಕಾಯಿತು. ಕೂಡುವವರ ತಲೆಯ ಅಳತೆಗೆ ಕಿಟಕಿ ಎಂದರೆ ಮಂದಿಯನ್ನು ಹೇರುವ ಮೋಟಾರು. ನರಗುಂದದ ಕಡೆ ಒಬ್ಬ ನೇಕಾರ ಮಗ್ಗಗಳನ್ನೆಲ್ಲ ಕಳಚಿ ಮಾರಿ ಪ್ರಯಾಣಿಕರ ಮೋಟಾರು ಇಟ್ಟಿದ್ದಾನೆಂದು ಸುದ್ದಿ ಇತ್ತು. ಅಣ್ಣನೂ ಅದೇ ದಾರಿ ಹಿಡಿದಿದ್ದಾನೆ. ಮಗ್ಗದ ಕಟ್ಟಿಗೆ ಕಿಟಕಿಯ ಚೌಕಟ್ಟಿಗೆ ಹೋಗುತ್ತದೆ, ಕುಣಿಯನ್ನು ಮಣ್ಣು ತುಂಬಿ ಮುಚ್ಚುತ್ತಾರೆ, ನಾನು ಅತ್ತಿಗೆಯ ಒಲೆಯ ಮುಂದೆ ಕೂಡಬೇಕು. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಣ್ಣನನ್ನು ಕೇಳಲಿಲ್ಲ, ಅತ್ತಿಗೆಯನ್ನು ಸುತ್ತುಬಳಸಿ ಕೇಳಿದೆ.

“ಅತ್ತಿಗಿ, ಕಿಟಕಿಗೆ ಕಟ್ಟಿಗಿ ಎಲ್ಲಿಂದ ತರ್ತಾರಂತ?”

“ನನಗ ಕೇಳಿದ್ರ? ನಿಮ್ಮಣ್ಣ ಇತ್ತೀಚಿಗೆ ನನ್ನ ಕೂಡ ಮಾತಾಡೂದಕಿಂತ ಆ ಗಾಡಿ ಕೂಡ ಮಾತಾಡೂದು ಹೆಚ್ಚು” ಎಂದು ನಕ್ಕಳು.

ಆ ನಗೆಯನ್ನೂ ನಾನು ನಂಬಲಿಲ್ಲ. ಇವಳಿಗೂ ಗೊತ್ತಿದೆ, ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

ಕಿಟಕಿ ಕೊರೆಯುವ ಕೆಲಸ ನಮ್ಮ ಮನೆಯ ಮುಂದೆಯೇ ನಡೆಯಿತು. ಗಾಡಿಯ ತಗಡಿನ ಒಳಗೆ ಪಕ್ಕೆಲುಬುಗಳಂತೆ ಮರದ ಪಟ್ಟಿಗಳಿದ್ದವು. ಆ ಪಟ್ಟಿ ಕತ್ತರಿಸಿದರೆ ಗಾಡಿಯ ಮೈ ಕುಸಿಯುತ್ತದೆ, ಅವುಗಳ ನಡುವೆಯೇ ಕಿಟಕಿ ಕೂಡಬೇಕು ಎಂದು ಬಡಿಗ ಹೇಳಿದ. ಸುಣ್ಣದ ಗೆರೆಯ ನಾಲ್ಕು ಮೂಲೆಗೆ ತೂತು ಕೊರೆದು, ಗೆರೆಯಗುಂಟ ಉಳಿಯಿಟ್ಟು ಹೊಡೆಯುತ್ತ ಹೋದ. ಆ ಸದ್ದಿಗೆ ಓಣಿಯ ಮಗ್ಗಗಳ ಸದ್ದು ಕೇಳಿಸದಂತಾಯಿತು. ಕತ್ತರಿಸಿದ ತಗಡು ಮೊದಲ ಸಲ ಕಳಚಿ ಬಿದ್ದಾಗ ಒಳಗಿನ ಕತ್ತಲೆಯಲ್ಲಿ ಒಂದು ಚೌಕ ಬಿಸಿಲು ನೆಲಕ್ಕೆ ಬಿತ್ತು. ನೋಡುತ್ತಿದ್ದವರು, “ಕುರುಡಗ ಕಣ್ಣ ಬಂತು” ಎಂದು ಕೂಗಿದರು. ಕಳಚಿದ ತಗಡನ್ನು ಅತ್ತಿಗೆ ಬಚ್ಚಲಿನ ಮರೆಗೆ ಒಯ್ದಳು. ಚೌಕಟ್ಟಿಗೆ ಬಡಿಗ ತಂದದ್ದು ಜಾಲಿಯ ಕಟ್ಟಿಗೆ. ಅದನ್ನು ನಾನು ಕಣ್ಣಾರೆ ಕಂಡೆ. ಆದರೂ ನನ್ನ ಅನುಮಾನ ಇಳಿಯಲಿಲ್ಲ. ಚೌಕಟ್ಟಿಗಲ್ಲದಿದ್ದರೆ ಕೂಡುವ ಹಲಗೆಗೆ ಬೇಕಾಗುತ್ತದೆ ಎಂದುಕೊಂಡೆ.

ಗಾಜು ನರಗುಂದದಿಂದ ಬಂತು. ಅಲ್ಲಿ ಒಂದು ಹಳೆಯ ವಾಡೆಯನ್ನು ಕೆಡವುತ್ತಿದ್ದರು, ಅದರ ಕಿಟಕಿಯ ಗಾಜುಗಳನ್ನು ಅಣ್ಣ ಜೋಳದ ಒಣ ಎಲೆಯ ರವದಿಯಲ್ಲಿ ಸುತ್ತಿ ತಂದ. ಎಷ್ಟೋ ವರ್ಷದ ಧೂಳು, ಜೇಡರ ಬಲೆ ಹಿಡಿದು ಅವು ಮಣ್ಣಿನ ಹೆಂಟೆಯ ಹಾಗಿದ್ದವು. ಅತ್ತಿಗೆ ಬೂದಿ ಹಾಕಿ ತಿಕ್ಕಿದಳು. ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ ಗಾಜಿನ ಅಂಚಿಗೆ ಸುತ್ತಿ ಬಡಿಗ ಅವನ್ನು ಚೌಕಟ್ಟಿನಲ್ಲಿ ಕೂಡಿಸಿದ. ಗಾಡಿ ಕುಲುಕಿದರೂ ಇನ್ನು ಗಲಗಲ ಅನ್ನುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ಅಣ್ಣ ನನ್ನನ್ನು ಕರೆದ. ನನ್ನ ತೊಡೆಯ ಮೇಲೆ ಬಿಳಿ ನೂಲಿನ ಲಡಿಯಿತ್ತು. ಅದನ್ನು ಹಿಡಿದುಕೊಂಡೇ ಹೋದೆ. ಗಾಡಿಯೊಳಗೆ ಕಿಟಕಿಯ ಮಗ್ಗುಲಿಗೆ ಒಂದು ಹಲಗೆ ಹಾಕಿದ್ದ.

“ಕುಂದ್ರು.”

ಕೂತೆ.

“ನಿನ್ನ ಮಗ್ಗದ ಕಿಟಕಿ ಅಳತಿನ ಇಟ್ಟೀನಿ ನೋಡು. ಬೆಳಕು ತೊಡಿ ಮ್ಯಾಲ ಬೀಳಬೇಕು, ಕಣ್ಣಿಗೆ ಹೊಡೀಬಾರದು. ಅಪ್ಪ ಹಂಗ ಹೇಳತಿದ್ದ, ಹೌದಿಲ್ಲೋ?” ಅವನ ಮುಖ ಸಣ್ಣ ಹುಡುಗನ ಮುಖದ ಹಾಗಿತ್ತು. “ನೀ ಸಂತಿ ದಿನ ಬಂದು ಇಲ್ಲಿ ಕುಂತ್ರ ಹೆಣ್ಣಮಕ್ಕಳು ಅಂಜದ ಹತ್ತಿ ಬರ್ತಾರ. ಬಣ್ಣ ಹೇಳಾಕ ನಿನಗಿಂತ ಯಾರು ಅದಾರ? ನಿನಗ ಆಮ್ಯಾಲ ಹೇಳೋಣು ಅಂತ ಬಾಯಿ ಬಿಟ್ಟಿರಲಿಲ್ಲ.”

ನಾನು ತೊಡೆಯ ಮೇಲೆ ನೋಡಿದೆ. ಬಿಳಿ ಲಡಿ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಕೈ ನೋಡಿಕೊಂಡೆ. ಬಣ್ಣದ ಹಂಡೆಯಲ್ಲಿ ಆಡಿ ಆಡಿ ನೀಲಿಯಾಗಿದ್ದ ಉಗುರುಗಳು ಹುಣಸೆಯ ಚಿಗುರಿನ ಹಾಗೆ ಹಸಿರಾಗಿದ್ದವು. ಗಾಜನ್ನು ನೇರವಾಗಿ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅದರೊಳಗಿನ ಹಳದಿ ಅಷ್ಟು ತೆಳು. ಆದರೆ ನೀಲಿಯ ಹಂಡೆಯಿಂದ ಎತ್ತಿದ ನೂಲನ್ನು ಹಳದಿಯಲ್ಲಿ ಅದ್ದಿದರೆ ಹಸಿರಾಗುತ್ತದೆ ಎಂಬುದನ್ನು ನನಗೆ ಅಪ್ಪ ಎಲ್ಲಕ್ಕಿಂತ ಮೊದಲು ಕಲಿಸಿದ್ದ. ಈ ಕಿಟಕಿಯ ಬೆಳಕಿನಲ್ಲಿ ಯಾವ ನೀಲಿಯೂ ನೀಲಿಯಾಗಿ ಕಾಣುವುದಿಲ್ಲ.

“ಹ್ಯಾಂಗ ಐತಿ ಬೆಳಕು?”

ಅವನು ಕೇಳಿದ್ದು ನನ್ನನ್ನು. ಬೇರೆ ಯಾರನ್ನೂ ಕೇಳುತ್ತಿರಲಿಲ್ಲ. ನಾನು ಲಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಚಲೋ ಐತಿ” ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವನ ಮಾತು ಆಗಲೂ ನನಗೆ ನಂಬಿಕೆ ತರಲಿಲ್ಲ. ನನ್ನನ್ನು ಮೆಲ್ಲಗೆ ಮಗ್ಗದಿಂದ ಎಬ್ಬಿಸಿ ಗಾಡಿಯಲ್ಲಿ ಕೂಡಿಸುವ ಹಂಚಿಕೆ ಇದು, ನಾನು ಸಂತೆಯಲ್ಲಿದ್ದಾಗ ಮಗ್ಗ ಕಳಚುತ್ತಾರೆ ಅನ್ನಿಸಿತು. ಕಿಟಕಿ ಸೋತರೆ ಗಾಡಿ ಸೋಲುತ್ತದೆ, ಗಾಡಿ ಸೋತರೆ ಅಣ್ಣ ಮಗ್ಗಕ್ಕೆ ತಿರುಗಿ ಬರುತ್ತಾನೆ. ಇಷ್ಟನ್ನು ನಾನು ಆ ಹಲಗೆಯ ಮೇಲೆ ಕೂತಲ್ಲೇ ಲೆಕ್ಕ ಹಾಕಿದ್ದೆ. ಅರಿಯದೆ ಆಡಿದ ಮಾತಲ್ಲ ಅದು.

“ನಾ ಸಂತಿಗೆ ಒಲ್ಲೆ. ಮಗ್ಗ ಯಾರು ನೋಡ್ತಾರ?” ಎಂದು ಇಳಿದು ಬಂದೆ. ಅವನ ಮುಖ ಇಳಿಯಿತು. ಒತ್ತಾಯ ಮಾಡಲಿಲ್ಲ. ಅತ್ತಿಗೆಯನ್ನು ಕರೆದುಕೊಂಡು ಹೋಗತೊಡಗಿದ.

ಗಾಡಿಗೆ ಬೆಳಕು ಬಂದ ಮೇಲೆ ಹೆಂಗಸರು ನಿಜಕ್ಕೂ ಹತ್ತಿ ಕೂತರು. ಧೂಳು ಬಾರದಂತೆ ಹಿಂದಿನ ಬಾಗಿಲು ಮುಚ್ಚಿ ಕಿಟಕಿಯ ಬೆಳಕಿನಲ್ಲೇ ಸೀರೆ ನೋಡಿದರು. ಸಂತೆಗೆ ಹೋಗುವಾಗ ಇದ್ದ ಗಂಟು ಬರುವಾಗ ಇರುತ್ತಿರಲಿಲ್ಲ. ಅಣ್ಣ ಖುಷಿಯಲ್ಲಿದ್ದ. ನಾನು ಪ್ರತಿ ಸಂತೆಯ ಸಂಜೆಯೂ ಅತ್ತಿಗೆಯ ಮುಖ ನೋಡುತ್ತ, ಇವತ್ತು ಯಾರಾದರೂ ಏನಾದರೂ ಅಂದರೋ ಎಂದು ಕಾಯುತ್ತಿದ್ದೆ. ಕೆಂಪು ಕೆಂಪಾಗಿಯೇ ಕಾಣುತ್ತಿತ್ತು, ಕರಿ ಕರಿಯಾಗಿಯೇ. ಮೋಸವಿದ್ದದ್ದು ನೀಲಿಯಲ್ಲಿ ಮಾತ್ರ.

ಬೆಳವಣಕಿಯಿಂದ ಒಬ್ಬ ತಾಯಿ ಬಂದದ್ದು ನಾಡಹಬ್ಬ ಕಳೆದ ಮೇಲೆ. ಸಂತೆಗಲ್ಲ, ನೇರ ನಮ್ಮ ಮನೆಯ ಬಾಗಿಲಿಗೆ. ಜೊತೆಗೆ ಅವಳ ತಮ್ಮನೂ ಇದ್ದ. ಬಗಲಲ್ಲಿ ಒಂದು ಸೀರೆ. ಹೊಸ್ತಿಲಿನ ಹೊರಗೇ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು.

“ಸೀರಿ ಮಾರಾಂವ ಎಲ್ಲಿ ಅದಾನ? ಹೊರಗ ಬರ್ರಿ ಸಾವಕಾರ, ನಿಮ್ಮ ಮಾರಿ ನೋಡೂನು.”

ಅಣ್ಣ ಬಂದ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು.

“ನನ್ನ ಮಗಳಿಗೆ ಚೊಚ್ಚಿಲ ಬಸರು. ಇಟಗ್ಯಾಗ ಆಕಿ ಗಂಡನ ಮನ್ಯಾಗ ಕುಬಸದ ಕಾರ್ಯ, ಬಸರಿಗೆ ಹಸರನ ಉಡಸಬೇಕು. ಹಸರ ಸೀರಿ ಬೇಕಂತ ನಿನ್ನ ಗಾಡ್ಯಾಗ ಕುಂತು ಕಣ್ಣಮುಟ್ಟ ನೋಡಿ ತಗೊಂಡೆ. ಕುಬಸದ ಸೀರಿ ಮಡಿಕಿ ಮುರೀಬಾರದಂತ ಹಂಗ ಒಯ್ದು ಪೆಟಗ್ಯಾಗ ಇಟ್ಟೆ. ಅಲ್ಲಿ ಅಂಗಳದಾಗ ಎಲ್ಲಾರ ಮುಂದ ಬಿಚ್ಚಿದ್ರ ನೀಲಿ! ಹಸರ ಬಳಿ, ಹಸರ ಖಣ, ಸೀರಿ ನೀಲಿ!”

ಅವಳಿಗೆ ಉಸಿರು ಹತ್ತಿತು. ಅಣ್ಣ ಏನೋ ಹೇಳಹೋದ.

“ತಡಿ. ಬೀಗತಿ ಏನಂದ್ಲು ಕೇಳು. ‘ನಿಮ್ಮೂರಾಗ ಹಸರ ಸಿಗಲಿಲ್ಲೇನ್ರಿ, ಇಲ್ಲಾ ಮನ್ಯಾಗ ಯಾವದೋ ಬಿದ್ದಿತ್ತು ತಂದ್ರೇನು’ ಅಂತ. ಕುಂತ ಹೆಣ್ಣಮಕ್ಕಳೆಲ್ಲಾ ಬಾಯಿಗೆ ಸೆರಗ ಹಚ್ಚಿ ನಕ್ಕರು. ನನ್ನ ಮಗಳು ಅತ್ತಾಳ. ಬಸರಿ ಹೆಣ್ಣಮಗಳು, ಕುಬಸದ ದಿನ! ತೋರಸೂದು ಒಂದು, ಕಟ್ಟಿ ಕೊಡೂದು ಒಂದು. ಇದಕ್ಕೇನ ಕಿಟಕಿ ಕೊರಿಸಿದ್ದಿ?”

“ಯವ್ವಾ, ನಾ ಬದಲ ಮಾಡಿಲ್ಲ. ಖರೇ ಹೇಳ್ತೀನಿ” ಎಂದ ಅಣ್ಣ. ಸೀರೆ ಇಸಿದುಕೊಂಡು ಬಿಸಿಲಿಗೆ ಹಿಡಿದ. ತಿರುಗಿ ನನ್ನತ್ತ ನೋಡಿದ. ಯಾವಾಗಲೂ ನೋಡುವ ಹಾಗೆಯೇ ನೋಡಿದ. “ತಂಗಿ, ಇದು ಯಾವ ಬಣ್ಣ?”

“ನವಿಲಗೊರಳ” ಎಂದೆ. ಅದು ನಿಜ. ನವಿಲಿನ ಕೊರಳಿನ ನೀಲಿ. ಆದರೆ ಆ ನಿಜ ಅವನ ಮೇಲೆಯೇ ಸಾಕ್ಷಿಯಾಗಿ ಬಿತ್ತು.

ಅತ್ತಿಗೆ ಮಾರಾಟವಾಗದೆ ಉಳಿದ ಸೀರೆಗಳ ಪೆಟ್ಟಿಗೆಯನ್ನು ಹೊರಗೆ ತಂದು ಬಿಚ್ಚಿದಳು. ಅದರಲ್ಲಿ ಅಚ್ಚ ಹಸಿರಿನ ಒಂದು ಸೀರೆ ಇತ್ತು. ಬೆಳವಣಕಿಯವಳು ಅದನ್ನು ಎಳೆದು ಎತ್ತಿ ಹಿಡಿದಳು.

“ಇದ! ಇದನ್ನ ತೋರಿಸಿದ್ದು! ನೋಡ್ರಿ ಎಲ್ಲಾರೂ, ಒಳಗ ಇಟಗೊಂಡಾರ!”

“ಅದನ್ನ ತಗೊಂಡು ಹೋಗ್ರಿ, ಯವ್ವಾ. ಹಂಗ ತಗೊಂಡು ಹೋಗ್ರಿ” ಎಂದ ಅಣ್ಣ.

“ಮುಗದ ಕುಬಸಕ್ಕ ಈಗ ಹಸರ ಉಡಸ್ಲೇನು?” ಎಂದು ಎರಡೂ ಸೀರೆಗಳನ್ನು ಹೊಸ್ತಿಲ ಮೇಲೆ ಬಿಟ್ಟು, ತಮ್ಮನನ್ನು ಕರೆದುಕೊಂಡು ನಡೆದುಬಿಟ್ಟಳು.

ನಾನು ಆಗ ಹೇಳಬಹುದಿತ್ತು. ಗಾಡಿ ಅಲ್ಲೇ ನಿಂತಿತ್ತು, ಹತ್ತು ಹೆಜ್ಜೆಯಾಚೆ. ಸೀರೆ ಒಯ್ದು ಒಳಗೆ ಹಿಡಿದಿದ್ದರೆ ಸಾಕಿತ್ತು. ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂಬ ಭಯ ಬಾಯಿ ಕಟ್ಟಿತು. ನಾನು ಒಳಗೆ ಬಂದು ಲಾಳಿ ಹಿಡಿದೆ.

ಆ ಸಂಜೆಯೇ ನೇಕಾರರು ಬರತೊಡಗಿದರು. ಜಗಳ ಇಲ್ಲ, ಬೈಗುಳ ಇಲ್ಲ. ಒಬ್ಬೊಬ್ಬರೇ ಬಂದು, “ನಂದು ಒಂದು ಸೀರಿ ಇತ್ತಲ್ಲ, ಮನ್ಯಾಗ ಬೇಕಾಗೇತಿ” ಎಂದು ಕೇಳಿ ಒಯ್ದರು. ಎಲ್ಲರ ಮನೆಯಲ್ಲೂ ಒಮ್ಮೆಲೇ ಸೀರೆ ಬೇಕಾಯಿತು. ಓಣಿಯ ಹಿರಿಯ ನೇಕಾರನೊಬ್ಬನಿದ್ದ, ಅಪ್ಪನ ಗೆಳೆಯ. ಅವನೊಬ್ಬನೇ ತನ್ನ ಸೀರೆಗಳನ್ನು, ತಾನು ನೇಯ್ದಿದ್ದ ಆ ನವಿಲಗೊರಳಿನದನ್ನೂ ಸೇರಿಸಿ, ಅಣ್ಣನ ಬಳಿಯೇ ಬಿಟ್ಟ. ಆದರೆ ಕೂತು, ಒಂದೊಂದನ್ನೂ ಬಿಚ್ಚಿ, ಒಳತುದಿಯಲ್ಲಿ ಒಂದು ಕೆಂಪು ಎಳೆ ಗಂಟು ಹಾಕಿದ. “ಸಿಟ್ಟ ಆಗಬ್ಯಾಡಪಾ. ಒಂದ ಗುರತು ಇರ್ಲಿ” ಎಂದ. ಬದಲಾಯಿಸಿದರೆ ಗೊತ್ತಾಗಲಿ ಎಂದು ಹಾಕಿದ ಗಂಟು ಅದು. ಅಣ್ಣ ಅದನ್ನು ನೋಡುತ್ತ ನಿಂತಿದ್ದ. ಮುಂದೆ ಎಲ್ಲರೂ ಹಾಗೆ ಗಂಟು ಹಾಕುವುದನ್ನು ಕಲಿತರು, ಒಬ್ಬೊಬ್ಬರದು ಒಂದೊಂದು ಬಣ್ಣದ ಎಳೆ.

ಸಂಶಯ ಮನೆಯೊಳಗೂ ಬಂತು. ತಾನು ಹಸಿರನ್ನೇ ಮಾರಿದ್ದೇನೆ ಎಂದು ಅಣ್ಣನಿಗೆ ಖಾತ್ರಿ ಇತ್ತು. ಗಾಡಿಯೊಳಗೆ ಕೊಂಡವಳೇ ಅದನ್ನು ಹಸಿರೆಂದು ಆರಿಸಿದ್ದಳಲ್ಲ. ಹಾಗಾದರೆ ಮಡಚಿ ಕಾಗದದಲ್ಲಿ ಸುತ್ತಿ ಕೊಟ್ಟವಳು ಯಾರು? ಅತ್ತಿಗೆ.

“ನೀ ಕೈ ತಪ್ಪಿ ಬ್ಯಾರೇದು ಕಟ್ಟಿದ್ಯೇನು?” ಎಂದು ಊಟದ ಹೊತ್ತಿಗೆ ಕೇಳಿದ.

“ಇಲ್ಲ.”

“ನೆನಪ ಮಾಡಿಕೋ.”

“ಇಲ್ಲ ಅಂದೆ. ನಾ ಏನ್ ಕಳ್ಳಿ ಏನು?” ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಅದಾದ ಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು. ಅವಳು ನನಗೆ ಹೇಳಿ ಅವನಿಗೆ ಮುಟ್ಟಿಸುತ್ತಿದ್ದಳು, ಅವನು ನನಗೆ ಹೇಳಿ ಅವಳಿಗೆ. ಗೊತ್ತಿದ್ದ ನಾನು ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದೆ. ಒಂದು ದಿನ ಅತ್ತಿಗೆ ನೂಲು ಸುತ್ತುತ್ತ, “ನೀ ಆದ್ರೂ ನನ್ನ ನಂಬತಿ, ಹೌದಿಲ್ಲೋ?” ಎಂದು ಕೇಳಿದಳು. ನಂಬುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಳ್ಳಲು ನಾನು ಲಾಳಿ ಬಿದ್ದಿತೆಂದು ನೆಪ ಮಾಡಿ ಬಗ್ಗಿದೆ.

ಕೊನೆಗೆ ನಿಜ ಹೊರಬಿದ್ದದ್ದು ಒಂದು ಜಾಲಿಯ ಕೊಂಬೆಯಿಂದ. ಉಳಿದ ನಾಲ್ಕಾರು ಸೀರೆ ಇಟ್ಟುಕೊಂಡು ಅಣ್ಣ ರೋಣಕ್ಕೆ ಹೋಗುವಾಗ ದಾರಿಬದಿಯ ಕೊಂಬೆ ಬಡಿದು ಎಡಮಗ್ಗುಲಿನ ಗಾಜು ಒಡೆಯಿತು. ರೋಣದ ಬಡಿಗನ ಹತ್ತಿರ ಅಂಥ ಗಾಜು ಇರಲಿಲ್ಲ. ದೇವರ ಪಟಕ್ಕೆ ಹಾಕುವ ಹೊಸ ಗಾಜನ್ನು ಜೋಡಿಸಿ ಕೂಡಿಸಿದ. ಅಣ್ಣ ಒಳಗೆ ಹತ್ತಿ, ಸಂತೆಯ ಮುಂಚೆ ಸೀರೆಗಳನ್ನು ಹೊಂದಿಸುವಾಗ ಅದೇ ನವಿಲಗೊರಳಿನ ಸೀರೆ ಕೈಗೆ ಬಂತು. ಎಡಕ್ಕೆ ಹಿಡಿದರೆ ನೀಲಿ. ಬಲಕ್ಕೆ ತಿರುಗಿದರೆ ಹಸಿರು. ಒಂದರ ಮಗ್ಗುಲಿಗೆ ಒಂದು ಕಂಡಾಗ ಅವನ ಕಣ್ಣಿಗೂ ತಪ್ಪಲಿಲ್ಲ.

ಸಂತೆ ಬಿಟ್ಟು ತಿರುಗಿ ಬಂದ. ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿಯನ್ನು ಓಣಿಯ ನಡುವೆ ನಿಲ್ಲಿಸಿ, “ಬರ್ರಿ, ಎಲ್ಲಾರೂ ಬರ್ರಿ” ಎಂದು ಕೂಗಿದ. ಹಿರಿಯ ನೇಕಾರ ಮೊದಲು ಹತ್ತಿದ. ಅಣ್ಣ ಸೀರೆಯನ್ನು ಎಡಕ್ಕೆ ಬಲಕ್ಕೆ ಹಿಡಿದು ತೋರಿಸಿದ. ಹಿರಿಯ ತಾನೇ ಇಸಿದುಕೊಂಡು ಹಿಡಿದು ನೋಡಿದ. ಒಳತುದಿಯಲ್ಲಿ ಬೆರಳಾಡಿಸಿ ತನ್ನ ಕೆಂಪು ಗಂಟು ಇದೆಯೋ ಎಂದು ಮುಟ್ಟಿ ನೋಡಿದ. ಆಗಲೂ ಗುರುತು ಹುಡುಕಿದ. ಆಮೇಲೆ ಇಳಿದು ಬಂದು, “ಗಾಜಿನ ಆಟ. ಹುಡುಗಂದು ತಪ್ಪಿಲ್ಲ” ಎಂದ. ಒಬ್ಬೊಬ್ಬರೇ ಹತ್ತಿ ಇಳಿದರು. ಅತ್ತಿಗೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅಣ್ಣ ಅವಳತ್ತ ನೋಡಿ, ಎಲ್ಲರ ಮುಂದೆಯೇ, “ನಂದ ತಪ್ಪಾತು” ಎಂದ.

ಆಗ ಯಾರೋ ಒಬ್ಬ, ನಗೆಯಾಡುವವನ ಹಾಗೆ, “ಅಲ್ಲಪಾ, ನಿನ್ನ ತಂಗಿ ಕತ್ತಲ್ದಾಗ ಕೈಮುಟ್ಟಿ ಬಣ್ಣ ಹೇಳಾಕಿ. ಆಕಿ ಕಣ್ಣಿಗೂ ಇದು ಬೀಳಲಿಲ್ಲೇನು?” ಎಂದು ಕೇಳಿದ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೇಳಿದೆ: “ನಾ ಈ ಗಾಡ್ಯಾಗ ಕಿಟಕಿ ಆದಮ್ಯಾಲ ಹತ್ತೇ ಇಲ್ಲ.”

ಅಣ್ಣ ನನ್ನನ್ನು ನೋಡಿದ. ಅವನೇ ಕರೆದು ಕೂಡಿಸಿದ್ದ ಹಲಗೆ ಅವನ ಬೆನ್ನ ಹಿಂದೆಯೇ ಇತ್ತು. ‘ಚಲೋ ಐತಿ’ ಎಂಬ ನನ್ನ ಮಾತು ಅವನಿಗೆ ಆಗ ಕೇಳಿಸಿರಬೇಕು. ನನಗಂತೂ ಕೇಳಿಸಿತು. ಕಳ್ಳ ಎಂದು ಕರೆಸಿಕೊಂಡ ಅಷ್ಟು ದಿನದಲ್ಲೂ ಒಂದೂ ಸುಳ್ಳಾಡದವನು, ತಲೆ ಬಗ್ಗಿಸಿ, “ಹೌದ್ರಿ, ಆಕಿ ಹತ್ತೇ ಇಲ್ಲ. ಹತ್ತಿದ್ರ ಹೇಳತಿದ್ಲು” ಎಂದ.

ಮರುದಿನ ಅವನು ಬಲಮಗ್ಗುಲಿನ ಹಳದಿ ಗಾಜನ್ನು ಬಿಚ್ಚಿ, ಪಂಚೆಯಲ್ಲಿ ಸುತ್ತಿಕೊಂಡು, ಹಸಿರು ಸೀರೆಯನ್ನೂ ನೀಲಿ ಸೀರೆಯನ್ನೂ ಇಟ್ಟುಕೊಂಡು ಬೆಳವಣಕಿಗೆ ಹೋದ. ಆ ತಾಯಿಯನ್ನು ಕರೆದುಕೊಂಡು ಇಟಗಿಗೂ ಹೋದ. ಬೀಗತಿಯ ಅಂಗಳದಲ್ಲಿ ಬಿಸಿಲು ಬೀಳುವಲ್ಲಿ ಗಾಜು ಹಿಡಿದು, ಅದರ ಕೆಳಗೆ ನೀಲಿ ಸೀರೆ ಹಾಸಿ ತೋರಿಸಿದನಂತೆ. ಬೀಗತಿ ಗಾಜನ್ನು ಇಸಿದುಕೊಂಡು ತನ್ನ ಕೈಬಳೆಗಳನ್ನೂ ಮನೆಯ ಎಮ್ಮೆಯನ್ನೂ ಅದರೊಳಗಿಂದ ನೋಡಿ ನಕ್ಕಳಂತೆ. ಇದನ್ನೆಲ್ಲ ಅವನು ಬಂದು ಹೇಳಿದ್ದು ಅತ್ತಿಗೆಗೆ. ನಾನು ಪಡಸಾಲೆಯಿಂದ ಕೇಳಿಸಿಕೊಂಡೆ.

ನೇಕಾರರು ಮತ್ತೆ ಸೀರೆ ಕೊಟ್ಟರು. ಸೀರೆಯ ತುದಿಯ ಗಂಟುಗಳು ಮಾತ್ರ ಹೋಗಲಿಲ್ಲ, ಅಣ್ಣನೂ ಬೇಡ ಎನ್ನಲಿಲ್ಲ. ಗಾಡಿ ಬಿಳಿ ಗಾಜಿನ ಕಿಟಕಿಗಳೊಡನೆ ಬಹಳ ವರ್ಷ ಸಂತೆಗಳಿಗೆ ಓಡಿತು. ಕಿಟಕಿಯ ಬಳಿಯ ಹಲಗೆಯ ಮೇಲೆ ಅತ್ತಿಗೆ ಕೂಡುತ್ತಿದ್ದಳು. ನನ್ನ ಮಗ್ಗವನ್ನು ಯಾರೂ ಮುಟ್ಟಲಿಲ್ಲ. ಅದನ್ನು ಮಾರುವ ಮಾತು ಆ ಮನೆಯಲ್ಲಿ ಎಂದೂ ಹುಟ್ಟಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಅಣ್ಣ ನನಗೆ ಒಂದು ಮಾತು ಅನ್ನಲಿಲ್ಲ. ಊಟ ಮಾಡಿದ್ಯಾ ಎಂದು ಕೇಳುತ್ತಿದ್ದ, ಹಬ್ಬಕ್ಕೆ ರವಿಕೆಯ ಖಣ ತರುತ್ತಿದ್ದ. ಲಡಿ ಹಿಡಿದು ನನ್ನ ಮುಂದೆ ಬರುವುದನ್ನು ಮಾತ್ರ ಬಿಟ್ಟ. ಹಂಡೆಯಿಂದ ತೆಗೆದ ನೂಲನ್ನು ತಾನೇ ಅಂಗಳಕ್ಕೆ ಒಯ್ದು, ಕಣ್ಣು ಕಿರಿದು ಮಾಡಿ, ತಿರುವಿ ತಿರುವಿ ನೋಡಿ ಗಳಕ್ಕೆ ಹಾಕುತ್ತಿದ್ದ. ಎಷ್ಟೋ ಸಲ ತಪ್ಪುತ್ತಿದ್ದ. ತಪ್ಪಿದರೂ ಕೇಳುತ್ತಿರಲಿಲ್ಲ. ಅವನು ನನ್ನ ಬಗ್ಗೆ ಏನು ತಿಳಿದುಕೊಂಡ, ಎಷ್ಟು ತಿಳಿದುಕೊಂಡ ಎಂದು ನಾನು ಅವನ ಬೆನ್ನನ್ನು ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಈಗ ಸಂಶಯ ಅವನ ಕಡೆಯಿತ್ತೋ ನನ್ನ ಕಡೆಯೇ ಉಳಿದಿತ್ತೋ ನನಗೆ ಗೊತ್ತಿಲ್ಲ.

ಬಹಳ ವರ್ಷದ ಮೇಲೆ ಅವನ ಮಗಳ ಕುಬಸ ಬಂತು. ಸೀರೆ ಮನೆಯಲ್ಲೇ ನೇಯಬೇಕೆಂದು ಆಯಿತು. ನೂಲಿಗೆ ನಾನೇ ಬಣ್ಣ ಕಟ್ಟಿದೆ, ಮೊದಲು ನೀಲಿ, ಅದರ ಮೇಲೆ ಹಳದಿ. ನನ್ನ ಕೈಯಿಂದ ಅಂಥ ಹಸಿರು ಹಿಂದೆ ಎಂದೂ ಬಂದಿರಲಿಲ್ಲ. ಅಣ್ಣ ಒದ್ದೆ ಲಡಿಯನ್ನು ಎತ್ತಿಕೊಂಡು ಅಂಗಳಕ್ಕೆ ಹೋದ. ಅವನ ಕಣ್ಣು ಆಗ ಮೊದಲಿಗಿಂತ ಮಂದವಾಗಿತ್ತು. ನಾನು ಹೊಸ್ತಿಲಲ್ಲಿ ನಿಂತು, ಅವನು ಕೇಳದಿದ್ದರೂ, ಹೇಳಿದೆ.

“ಹಸರ ಐತಿ, ಅಣ್ಣಾ. ಖರೇನ ಹಸರ.”

“ಹೂಂ” ಎಂದ. ಲಡಿಯನ್ನು ಬಿಸಿಲಿಗೆ ಇನ್ನೊಮ್ಮೆ ತಿರುವಿ ಹಿಡಿದ. ಆಮೇಲೆ ಪಕ್ಕದ ಮನೆಯ ಕಡೆ ಮುಖ ಮಾಡಿ, “ಯವ್ವಾ, ಒಂದೀಟು ಹೊರಗ ಬರ್ರಿ, ಇದು ಯಾವ ಬಣ್ಣ ನೋಡಿ ಹೇಳ್ರಿ” ಎಂದು ಕೂಗಿದ.